ಚಪ್ಪಲಿ ಎಲ್ಲಿ ಬಿಡೋದು, ದರ್ಶನ ಎಲ್ಲಿ? ಜಪಾನಿನ ಜಿಂಜಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನ್ ನೋಡಲು ಬಂದ ನಮ್ಮವರನ್ನು ಸುತ್ತಾಡಿಸುವಾಗ ರೈಲಿನಲ್ಲಿ, ಮೆಟ್ಟಿಲ ಮೇಲೆ, ಊಟದ ಹೊತ್ತಲ್ಲಿ ನನ್ನ ಕಿವಿಗೆ ಬಿದ್ದ ಪ್ರಶ್ನೆಗಳಿವು. ಕೆಲವು ಅವರು ಊರಿಗೆ ಮರಳಿದ ಮೇಲೆ ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ದೇವಸ್ಥಾನಕ್ಕೆ ಹೋಗುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ತೊಡಕು ಇರುವುದೂ ಅಲ್ಲೇ. ಗೊತ್ತಿರುವ ಜಾಗ ಅಂದುಕೊಂಡು ನುಗ್ಗುತ್ತೇವೆ, ಆಮೇಲೆ ನಮ್ಮ ಅಭ್ಯಾಸವೇ ನಮ್ಮನ್ನು ಎಡವಿಸುತ್ತದೆ.

## ಹೊರಡುವ ಮೊದಲು

ಜಿಂಜಾ ಅಂದ್ರೆ ಬುದ್ಧನ ಗುಡೀನಾ?

ಅಲ್ಲ. ಬುದ್ಧನ ಗುಡಿಗೆ ‘ತೆರಾ’ ಅನ್ನುತ್ತಾರೆ, ಹೆಸರಿನ ಕೊನೆಗೆ ‘ಜಿ’ ಅಥವಾ ‘ದೆರಾ’ ಬರುತ್ತದೆ: ಸೆನ್ಸೋಜಿ, ಕಿಯೊಮಿಜುದೆರಾ. ಜಪಾನಿನ ನೆಲದ್ದೇ ಆದ ಧರ್ಮ ಶಿಂಟೋ, ಅದರ ದೇಗುಲ ಜಿಂಜಾ. ಅದರ ಹೆಸರು ಜಿಂಜಾ, ಜಿಂಗು, ತಾಯ್ಶಾ, ತೆನ್‌ಮಂಗು, ಹಚಿಮಂಗು ಎಂದು ಮುಗಿಯುತ್ತದೆ. ಮುಂದೆ ‘ತೊರೀ’ ಅನ್ನುವ ಕಮಾನು ನಿಂತಿದ್ದರೆ ಬಹುಮಟ್ಟಿಗೆ ಅದು ಜಿಂಜಾ.

ಟೋಕಿಯೊದ ಅಸಾಕುಸಾದಲ್ಲಿ ಎರಡೂ ಪಕ್ಕಪಕ್ಕದಲ್ಲಿವೆ, ಕಲಿಯಲು ಒಳ್ಳೆಯ ಜಾಗ. ದೊಡ್ಡ ಕೆಂಪು ದೀಪದ ಸೆನ್ಸೋಜಿ ಬೌದ್ಧರದು. ಅಲ್ಲಿ ಧೂಪ ಹಚ್ಚಿ ಸದ್ದಿಲ್ಲದೆ ಕೈಮುಗಿಯಬೇಕು, ಚಪ್ಪಾಳೆ ಕೂಡದು. ಅದರ ಬಲಕ್ಕೆ ಹತ್ತು ಹೆಜ್ಜೆ ನಡೆದರೆ ಅಸಾಕುಸಾ ಜಿಂಜಾ. ಅಲ್ಲಿ ಚಪ್ಪಾಳೆ ತಟ್ಟಬೇಕು.

ಈ ‘ಕಮಿ’ ಅಂದ್ರೆ ಯಾರು? ರಾಮ, ಕೃಷ್ಣರ ಥರಾನಾ?

ಜಿಂಜಾದಲ್ಲಿ ಪೂಜೆಗೊಳ್ಳುವ ದೈವವೇ ಕಮಿ. ಕೆಲವರು ರಾಮ, ಕೃಷ್ಣರ ಹಾಗೆಯೇ. ಸೂರ್ಯದೇವತೆ ಅಮತೆರಾಸುಗೆ ಹುಟ್ಟು, ಜಗಳ, ಮುನಿಸು ಎಲ್ಲದರ ಕಥೆಯಿದೆ. 712ರ ‘ಕೊಜಿಕಿ’, 720ರ ‘ನಿಹೊನ್ ಶೊಕಿ’ಯಲ್ಲಿ ಅವು ಬರುತ್ತವೆ. ಆದರೆ ಬಂಡೆ, ಜಲಪಾತ, ಹಳೆಯ ಮರ, ಸತ್ತುಹೋದ ಮನುಷ್ಯ ಕೂಡ ಕಮಿ ಆಗಬಹುದು. ಸುಗಾವರಾ ನೊ ಮಿಚಿಜಾನೆ ಎಂಬ ವಿದ್ವಾಂಸನನ್ನು ಗಡೀಪಾರು ಮಾಡಿದರು, ಅವನು 903ರಲ್ಲಿ ದಜಾಯ್ಫುವಿನಲ್ಲಿ ತೀರಿಕೊಂಡ. ಆಮೇಲೆ ರಾಜಧಾನಿಗೆ ಸಿಡಿಲು, ಸಾವು ಬಂದವು. ಅವನ ಸಿಟ್ಟು ಎಂದು ಹೆದರಿ ಗುಡಿ ಕಟ್ಟಿದರು. ಇಂದು ಅವನೇ ತೆಂಜಿನ್, ಪರೀಕ್ಷೆ ಬರೆಯುವ ಮಕ್ಕಳೆಲ್ಲ ಅವನ ಮುಂದೆ ಬಗ್ಗುತ್ತಾರೆ. ಪುರಾಣದ ದೇವರಿಗಿಂತ ನಮ್ಮ ಕರಾವಳಿಯ ದೈವಗಳನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ ಅಂತ ನನಗನ್ನಿಸುತ್ತದೆ. ಊರಿಗೊಂದು, ಜಾಗಕ್ಕೊಂದು, ನಂಬಿದವರನ್ನು ಕಾಯುವುದು, ಮರೆತರೆ ಮುನಿಯುವುದು.

ನಾವು ಹಿಂದೂಗಳು, ಒಳಗೆ ಬಿಡ್ತಾರಾ?

ಯಾರನ್ನೂ ಯಾವ ಧರ್ಮ ಎಂದು ಕೇಳುವುದಿಲ್ಲ. ಕೈಮುಗಿದರೂ ಸರಿ, ಮುಗಿಯದೆ ಸುಮ್ಮನೆ ನೋಡಿಕೊಂಡು ಬಂದರೂ ಸರಿ.

ಟಿಕೆಟ್ ಇದೆಯಾ? ಎಷ್ಟು ಹೊತ್ತಿಗೆ ಹೋದ್ರೆ ಒಳ್ಳೇದು?

ಹೆಚ್ಚಿನ ಕಡೆ ಟಿಕೆಟ್ ಇಲ್ಲ. ನಿಕ್ಕೊ ತೋಶೋಗು, ಇತ್ಸುಕುಶಿಮಾದಂಥ ಕೆಲವು ಕಡೆ ಇದೆ. ಬೆಳಗ್ಗೆ ಹೋಗಿ. ಟೋಕಿಯೊದ ಮೇಜಿ ಜಿಂಗು ಸೂರ್ಯ ಹುಟ್ಟುವಾಗ ತೆರೆದು ಮುಳುಗುವಾಗ ಮುಚ್ಚುತ್ತದೆ. ಕ್ಯೋಟೊದ ಫುಶಿಮಿ ಇನಾರಿಗೆ ಬಾಗಿಲೇ ಇಲ್ಲ, ಆರು ಗಂಟೆಗೆ ಹೋದರೆ ಕೆಂಪು ತೊರೀಗಳ ಸಾಲಿನಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳುತ್ತದೆ. ಹೊಸ ವರ್ಷದ ಮೊದಲ ಮೂರು ದಿನ ಮಾತ್ರ ಎರಡು ಸಲ ಯೋಚಿಸಿ, ಮೇಜಿ ಜಿಂಗು ಒಂದಕ್ಕೇ ಸುಮಾರು 30 ಲಕ್ಷ ಜನ ಬರುತ್ತಾರೆ.

## ತೊರೀಯಿಂದ ಕಾಣಿಕೆ ಪೆಟ್ಟಿಗೆಯವರೆಗೆ

ಚಪ್ಪಲಿ ಎಲ್ಲಿ ಬಿಡೋದು?

ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚು ಸಲ ನನ್ನನ್ನು ಕೇಳಿದ ಪ್ರಶ್ನೆ ಇದು. ಅಂಗಳ, ಜಲ್ಲಿಹಾದಿ, ಕಾಣಿಕೆ ಪೆಟ್ಟಿಗೆಯ ಮುಂದಿನ ಕಲ್ಲುಹಾಸು, ಎಲ್ಲ ಕಡೆಯೂ ಜನ ಬೂಟು ಹಾಕಿಕೊಂಡೇ ನಡೆಯುತ್ತಾರೆ. ಪೂಜೆ ಮಾಡಿಸಲು ಹಣ ಕಟ್ಟಿ ಮರದ ನೆಲದ ಮಂಟಪದೊಳಗೆ ಹತ್ತುವಾಗ ಮಾತ್ರ ಕಳಚಬೇಕು. ಅವತ್ತು ಹರಿದ ಕಾಲುಚೀಲ ಬೇಡ. ತೆಗೆಯಬೇಕಾದದ್ದು ಟೋಪಿ ಮತ್ತು ಕಪ್ಪು ಕನ್ನಡಕ, ದೇವರ ಮುಂದೆ ನಿಂತಾಗ.

ಆ ಕಮಾನಿನ ಕೆಳಗೆ ಹೋಗೋಕೆ ನಿಯಮ ಇದೆಯಾ?

ತೊರೀ ಹೊಸ್ತಿಲಿದ್ದಂತೆ. ಅದರ ಮುಂದೆ ಒಂದು ಕ್ಷಣ ನಿಂತು ತಲೆಬಾಗಿ ಒಳಗೆ ಹೋಗಿ. ಹೊರಬಂದ ಮೇಲೆ ತಿರುಗಿ ನಿಂತು ಇನ್ನೊಮ್ಮೆ ಬಾಗಿ. ದಾರಿಯ ನಡುಭಾಗ ಕಮಿ ಓಡಾಡುವ ಜಾಗ, ಆದ್ದರಿಂದ ಒಂದು ಪಕ್ಕಕ್ಕೆ ನಡೆಯುತ್ತಾರೆ. ಜನಜಂಗುಳಿಯಲ್ಲಿ ಇದನ್ನು ಯಾರೂ ಅಳೆಯುವುದಿಲ್ಲ. ಆದರೆ ಸೂಟು ತೊಟ್ಟು ಕೆಲಸಕ್ಕೆ ಓಡುತ್ತಿರುವ ಒಬ್ಬರು ಬೀದಿಯಲ್ಲೇ ನಿಂತು ತೊರೀಯತ್ತ ಬಗ್ಗಿ ಮುಂದೆ ಹೋಗುವುದನ್ನು ನೋಡಿ. ಆಮೇಲೆ ನಿಮ್ಮ ಕತ್ತೂ ತಾನಾಗಿ ಬಾಗುತ್ತದೆ.

ಕಲ್ಲಿನ ತೊಟ್ಟೀಲಿ ನೀರಿತ್ತು, ತೀರ್ಥ ಅಂತ ಕುಡಿದುಬಿಟ್ಟೆ. ತಪ್ಪಾಯ್ತಾ?

ತಪ್ಪೇನಿಲ್ಲ, ಆದರೆ ಅದು ತೀರ್ಥವಲ್ಲ. ಕೈಬಾಯಿ ಶುದ್ಧ ಮಾಡಿಕೊಳ್ಳುವ ನೀರು, ಆ ಜಾಗದ ಹೆಸರು ತೆಮಿಜುಯಾ. ಬಲಗೈಯಲ್ಲಿ ಸೌಟು ಹಿಡಿದು ಒಮ್ಮೆ ಮಾತ್ರ ನೀರು ತುಂಬಿಕೊಳ್ಳಿ, ಇಡೀ ಕೆಲಸ ಅಷ್ಟರಲ್ಲೇ ಮುಗಿಯಬೇಕು. ಮೊದಲು ಎಡಗೈ ತೊಳೆದು, ಸೌಟು ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತೆಗೆದುಕೊಂಡು ಎಡ ಬೊಗಸೆಗೆ ಸ್ವಲ್ಪ ಸುರಿದು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗೆ ಮೆಲ್ಲಗೆ ಉಗುಳಿ, ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ನಮ್ಮ ನಂತರ ಬರುವವರ ಕೈಗೆ ಶುದ್ಧವಾದ ಹಿಡಿ ಸಿಗಲಿ ಎಂಬ ಈ ಕೊನೆಯ ಹಂತ ನನಗೆ ಎಲ್ಲಕ್ಕಿಂತ ಇಷ್ಟ. ಸೌಟಿಗೆ ಬಾಯಿ ತಾಗಿಸಬಾರದು ಎಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ, ಚೊಂಬನ್ನು ಎತ್ತಿ ಕುಡಿದು ಬೆಳೆದವರು ನಾವು. ಕೊರೊನಾ ಬಂದ ಮೇಲೆ ಹಲವು ಕಡೆ ಸೌಟು ತೆಗೆದು ಬಿದಿರ ಕೊಳವೆಯಿಂದ ನೀರು ಹರಿಯಬಿಟ್ಟಿದ್ದಾರೆ. ಅಲ್ಲಿ ಕೈ ಒಡ್ಡಿದರೆ ಸಾಕು.

ಎಷ್ಟು ಸಲ ಬಗ್ಗೋದು, ಎಷ್ಟು ಸಲ ಚಪ್ಪಾಳೆ?

ಎರಡು ಬಾಗು, ಎರಡು ಚಪ್ಪಾಳೆ, ಒಂದು ಬಾಗು. ಕಾಣಿಕೆ ಹಾಕಿ, ಮೇಲಿಂದ ಹಗ್ಗ ಇಳಿಬಿಟ್ಟಿದ್ದರೆ ಗಂಟೆ ಅಲ್ಲಾಡಿಸಿ, ಸೊಂಟದವರೆಗೆ ಎರಡು ಸಲ ಬಾಗಿ. ಎದೆಯ ಮುಂದೆ ಅಂಗೈ ಜೋಡಿಸಿ ಬಲಗೈಯನ್ನು ಒಂದಿಷ್ಟು ಕೆಳಕ್ಕೆ ಸರಿಸಿ ಎರಡು ಸಲ ತಟ್ಟಿ. ಬೆರಳು ಮತ್ತೆ ಸಮ ಮಾಡಿ ಕೈಮುಗಿದು ಮನಸ್ಸಿನಲ್ಲಿ ಹೇಳಬೇಕಾದ್ದು ಹೇಳಿ, ಕೊನೆಗೊಮ್ಮೆ ಬಾಗಿ. ಇಜುಮೊ ತಾಯ್ಶಾದಲ್ಲಿ ಮತ್ತು ಕ್ಯೂಶು ದ್ವೀಪದ ಉಸಾ ಜಿಂಗುವಿನಲ್ಲಿ ಚಪ್ಪಾಳೆ ನಾಲ್ಕು.

ಹೇಳುವುದೇನು ಎಂದೂ ಕೇಳುತ್ತಾರೆ. ಹೆಸರು, ಊರು, ಬಂದದ್ದಕ್ಕೆ ಕೃತಜ್ಞತೆ, ಆಮೇಲೆ ಬೇಡಿಕೆ ಇದ್ದರೆ ಬೇಡಿಕೆ. ಕನ್ನಡದಲ್ಲೇ ಹೇಳಿ. ಹಿಂದೆ ಸಾಲು ಕಾಯುತ್ತಿರುತ್ತದೆ, ಸಹಸ್ರನಾಮಕ್ಕೆ ಅಲ್ಲಿ ಹೊತ್ತಿಲ್ಲ.

ದುಡ್ಡು ಎಷ್ಟು ಹಾಕ್ಬೇಕು?

ಲೆಕ್ಕವಿಲ್ಲ. ಬಹಳ ಜನ 5 ಯೆನ್‌ನ ನಾಣ್ಯ ಹುಡುಕಿ ಹಾಕುತ್ತಾರೆ. ‘ಗೊ ಎನ್’ ಅಂದರೆ ಐದು ಯೆನ್, ಹಾಗೆಯೇ ಕೇಳಿಸುವ ಇನ್ನೊಂದು ಮಾತಿಗೆ ಋಣಾನುಬಂಧ ಎಂದು ಅರ್ಥ. ನಾಣ್ಯವನ್ನು ದೂರದಿಂದ ಎಸೆಯದೆ ಮೆಲ್ಲಗೆ ಬಿಡಿ.

ಅಷ್ಟು ದೂರ ನಡೆದ್ವಿ, ದೇವರೇ ಕಾಣಿಸಲಿಲ್ಲ. ದರ್ಶನ ಎಲ್ಲಿ?

ಮೇಜಿ ಜಿಂಗುವಿನಲ್ಲಿ ಅಮ್ಮ ಪೆಟ್ಟಿಗೆಯ ಮುಂದೆ ನಿಂತು ಎಡಕ್ಕೂ ಬಲಕ್ಕೂ ಬಗ್ಗಿ ಬಗ್ಗಿ ನೋಡಿದಳು. ಒಳಗೆ ಮರದ ಕಂಬ, ಬಿಳಿ ಪರದೆ, ಆಚೆಗೆ ಇನ್ನೊಂದು ಅಂಗಳ. “ತೆರೆ ಯಾವಾಗ ತೆಗೀತಾರೆ?” ಎಂದು ಕೇಳಿದಳು. ತೆಗೆಯುವುದಿಲ್ಲ ಎಂದಾಗ ಅವಳ ಮುಖ ಸಪ್ಪಗಾಯಿತು. ಅವತ್ತು ನನಗೆ ಸರಿಯಾಗಿ ವಿವರಿಸಲು ಆಗಲಿಲ್ಲ, ಈಗ ಪ್ರಯತ್ನಿಸುತ್ತೇನೆ.

ನಾವು ನಿಲ್ಲುವ ಮುಂಭಾಗದ ಮಂಟಪ ಹೈದೆನ್. ಅದರ ಹಿಂದೆ ಮುಚ್ಚಿದ ಬಾಗಿಲಿನ ಗರ್ಭಗುಡಿ ಹೊಂದೆನ್. ಅದರೊಳಗೆ ‘ಗೋಶಿಂತಾಯ್’ ಇರುತ್ತದೆ, ಅಂದರೆ ಕಮಿ ನೆಲೆಸುವ ವಸ್ತು: ಕನ್ನಡಿ, ಕತ್ತಿ, ಮಣಿ, ಕಲ್ಲು. ಪೂಜೆ ಮಾಡುವ ಅರ್ಚಕರೂ ಅದನ್ನು ಬಿಚ್ಚಿ ನೋಡುವುದಿಲ್ಲ. ನಾರಾ ಪ್ರಾಂತ್ಯದ ಓಮಿವಾ ಜಿಂಜಾಕ್ಕಂತೂ ಹೊಂದೆನ್ ಕಟ್ಟಿಯೇ ಇಲ್ಲ. ಹೈದೆನ್ ಮುಂದೆ ನಿಂತರೆ ಎದುರಿಗಿರುವ 467 ಮೀಟರ್ ಎತ್ತರದ ಮಿವಾ ಬೆಟ್ಟವೇ ದೇವರು. ಅದನ್ನು ಹತ್ತುವವರು ಹೆಸರು ಬರೆಸಬೇಕು, ಬೆಟ್ಟದ ಮೇಲೆ ತಿನ್ನುವಂತಿಲ್ಲ, ಫೋಟೊ ತೆಗೆಯುವಂತಿಲ್ಲ.

ನಮ್ಮಲ್ಲಿ ದೇವರು ನಮ್ಮನ್ನು ನೋಡಬೇಕು, ನಾವು ದೇವರನ್ನು ನೋಡಬೇಕು, ಕಣ್ಣಿಗೆ ಕಣ್ಣು ಕೂಡಬೇಕು. ಜಿಂಜಾದಲ್ಲಿ ಕೂಡುವ ಕಣ್ಣಿಲ್ಲ. ಹೋಗಿ, ತೊಳೆದುಕೊಂಡು, ನೆಟ್ಟಗೆ ನಿಂತು, ಚಪ್ಪಾಳೆಯ ಸದ್ದಿನಲ್ಲಿ ‘ಬಂದಿದ್ದೇನೆ’ ಎಂದು ಹೇಳಿ ಬರುವುದು. ಕಾಣದ್ದರ ಮುಂದೆ ಅಷ್ಟು ಶಿಸ್ತಾಗಿ ನಿಲ್ಲುವುದೇ ಅಲ್ಲಿನ ಪೂಜೆ. ದರ್ಶನದ ಆಸೆ ಬಿಟ್ಟು ನಿಂತ ದಿನ ನನಗೆ ಜಿಂಜಾ ಮೊದಲ ಸಲ ಒಳಗೆ ಇಳಿಯಿತು. ಅಮ್ಮ ಎರಡನೇ ಸಲ ಬಂದಾಗ ಬಗ್ಗಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಳು.

ಹಣ್ಣುಕಾಯಿ ಒಯ್ಯಬಹುದಾ? ಪ್ರಸಾದ ಕೊಡ್ತಾರಾ?

ಕಾಯಿ ಒಡೆಯುವ, ಕರ್ಪೂರ ಬೆಳಗುವ ಪದ್ಧತಿಯಿಲ್ಲ. ಕಟ್ಟಡವೆಲ್ಲ ಮರ, ಬೆಂಕಿ ತರಲೇಬೇಡಿ. ನೈವೇದ್ಯ ಇದೆ. ಅಕ್ಕಿ, ಉಪ್ಪು, ನೀರು, ಅಕ್ಕಿ ಹುದುಗಿಸಿ ಮಾಡಿದ ಸಾಕೆ ಮದ್ಯ, ತರಕಾರಿ, ಮೀನು ಕೂಡ. ಅದನ್ನು ಅರ್ಚಕರು ಒಪ್ಪಿಸುತ್ತಾರೆ. ಒಳಗೆ ಪೂಜೆ ಮಾಡಿಸಿದವರಿಗೆ ಒಂದು ಗುಟುಕು ಸಾಕೆ ಕೊಡುತ್ತಾರೆ, ಅದು ಪ್ರಸಾದವೇ. ಮದ್ಯ ಮುಟ್ಟದವರು ಬಟ್ಟಲನ್ನು ತುಟಿಯ ಹತ್ತಿರ ತಂದು ಇಟ್ಟುಬಿಟ್ಟರೆ ಆಯಿತು, ಯಾರೂ ಬೇಸರಿಸುವುದಿಲ್ಲ.

ಪ್ರದಕ್ಷಿಣೆ ಹಾಕಬಹುದಾ?

ಸಾಮಾನ್ಯವಾಗಿ ಸುತ್ತು ದಾರಿಯೇ ಇರುವುದಿಲ್ಲ. ಇಜುಮೊ ಬೇರೆ. ಅಲ್ಲಿ ಗುಡಿ ದಕ್ಷಿಣಕ್ಕೆ ಮುಖ ಮಾಡಿದ್ದರೂ ಒಳಗಿನ ದೇವರು ಓಕುನಿನುಶಿ ಪಶ್ಚಿಮಕ್ಕೆ ತಿರುಗಿ ಕೂತಿದ್ದಾನೆ. ತಿಳಿದವರು ಬೇಲಿಯ ಸುತ್ತ ಬಳಸಿಕೊಂಡು ಪಶ್ಚಿಮದ ಕಡೆ ಹೋಗಿ ಇನ್ನೊಮ್ಮೆ ಕೈಮುಗಿಯುತ್ತಾರೆ. ಶ್ರೀಕೃಷ್ಣನನ್ನು ಕಿಂಡಿಯಿಂದ ನೋಡಿ ಬೆಳೆದ ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

## ಕೈಯಲ್ಲಿ ಹಿಡಿದು ಬರುವುದು

ಒಮಾಮೊರಿ ಚೀಲ ಬಿಚ್ಚಿ ನೋಡಬಹುದಾ? ಎಷ್ಟು ದಿನ ಇಟ್ಕೋಬೇಕು?

ಬಿಚ್ಚಬೇಡಿ. ನಮ್ಮ ತಾಯತದಂತೆ ಅದು ಮುಚ್ಚಿದ್ದರೇ ಚೆನ್ನ. ಒಂದು ವರ್ಷ ಇಟ್ಟುಕೊಂಡು ಜಿಂಜಾಗೆ ಮರಳಿಸಿದರೆ ಶಾಸ್ತ್ರೋಕ್ತವಾಗಿ ಸುಡುತ್ತಾರೆ. ಬೆಂಗಳೂರಿಗೆ ಒಯ್ದವರು ಮರಳಿಸಲು ಆಗದಿದ್ದರೆ ಭಕ್ತಿಯಿಂದ ಇಟ್ಟುಕೊಂಡಿರಿ, ಶಾಪವೇನೂ ತಟ್ಟದು. ಅಕಿಹಾಬಾರಾ ಪಕ್ಕದ ಕಾಂದಾ ಮ್ಯೋಜಿನ್‌ನಲ್ಲಿ ಕಂಪ್ಯೂಟರ್ ಮತ್ತು ಮಾಹಿತಿ ಸುರಕ್ಷತೆಗೆಂದೇ ಒಮಾಮೊರಿ ಸಿಗುತ್ತದೆ. ನಮ್ಮ ಸಾಫ್ಟ್‌ವೇರ್ ಮಿತ್ರರು ಬಂದರೆ ಮೊದಲು ಕೇಳುವುದು ಅದನ್ನೇ.

ಚೀಟೀಲಿ ‘ಕೆಟ್ಟದ್ದು’ ಅಂತ ಬಂತು, ಏನ್ಮಾಡ್ಲಿ?

ಆ ಭವಿಷ್ಯದ ಚೀಟಿ ಒಮಿಕುಜಿ. ‘ದಾಯ್ಕಿಚಿ’ ಅತ್ಯುತ್ತಮ, ‘ಕ್ಯೋ’ ಕೆಟ್ಟದ್ದು. ಕೆಟ್ಟದ್ದು ಬಂದರೆ ಅಲ್ಲೇ ಕಟ್ಟಿರುವ ತಂತಿಗೆ ಚೀಟಿಯನ್ನು ಮಡಚಿ ಗಂಟು ಹಾಕಿ ಬಿಟ್ಟು ಬನ್ನಿ. ಮರದ ಕೊಂಬೆಗೆ ಕಟ್ಟಬೇಡಿ, ಗಿಡಕ್ಕೆ ನೋವು. ಮೇಜಿ ಜಿಂಗುವಿನ ಚೀಟಿಯಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲವೇ ಇಲ್ಲ, ಮೇಜಿ ಚಕ್ರವರ್ತಿಯೋ ರಾಣಿ ಶೋಕೆನ್ನಳೋ ಬರೆದ ಕವಿತೆ ಇರುತ್ತದೆ. ಅಮತೆರಾಸುವಿನ ಮಹಾದೇಗುಲವಿರುವ ಇಸೆಯಲ್ಲಿ ಚೀಟಿಯೇ ಇಲ್ಲ. ಅಲ್ಲಿಗೆ ಬಂದು ಮುಟ್ಟಿದ್ದೇ ಭಾಗ್ಯ ಎನ್ನುತ್ತಾರೆ.

## ಇಲ್ಲೇ ನೆಲೆಸಿದವರು ಕೇಳುವುದು

ಹೊಸ ಕಾರು ತಗೊಂಡ್ವಿ. ಇಲ್ಲಿ ಪೂಜೆ ಮಾಡಿಸೋಕಾಗತ್ತಾ?

ಧಾರಾಳವಾಗಿ. ಅಪಘಾತವಾಗದಿರಲಿ ಎಂದು ವಾಹನಕ್ಕೆ ಮಾಡಿಸುವ ಪೂಜೆ ಹಲವು ಜಿಂಜಾಗಳಲ್ಲಿದೆ. ಅರ್ಚಕರು ನೊರಿತೊ ಮಂತ್ರ ಓದಿ, ಬಿಳಿ ಕಾಗದದ ಪಟ್ಟಿ ಕಟ್ಟಿದ ಕೋಲನ್ನು ಎಡಕ್ಕೂ ಬಲಕ್ಕೂ ಬೀಸಿ ಕಾರಿನ ಮೈಲಿಗೆ ಕಳೆಯುತ್ತಾರೆ. ಕುಂಬಳಕಾಯಿ ಒಡೆಯುವುದಿಲ್ಲ, ಗಾಲಿಗೆ ನಿಂಬೆಹಣ್ಣು ಇಡುವುದಿಲ್ಲ, ಉಳಿದದ್ದೆಲ್ಲ ಆಯುಧಪೂಜೆಯ ಬೆಳಗಿನಂತೆಯೇ ಅನಿಸುತ್ತದೆ. ಕೊಡುವ ದಕ್ಷಿಣೆಗೆ ‘ಹತ್ಸುಹೋರ್ಯೊ’ ಎಂದು ಹೆಸರು, ಮೊದಲ ತೆನೆಯ ಕಾಣಿಕೆ ಎಂದು ಅರ್ಥ. ಹೊಸ ಬೆಳೆಯನ್ನು ಮೊದಲು ದೇವರಿಗೆ ಕೊಡುತ್ತಿದ್ದ ಕಾಲದ ಮಾತು. ಬಹಳ ಕಡೆ 5,000 ಯೆನ್‌ನಿಂದ ಶುರು. ಲಕೋಟೆಯಲ್ಲಿಟ್ಟು ಕೊಡಿ.

ಮಗು ಹುಟ್ಟಿ ಸುಮಾರು ಒಂದು ತಿಂಗಳಿಗೆ ಮೊದಲ ಸಲ ಜಿಂಜಾಗೆ ಕರೆದೊಯ್ಯುವ ಒಮಿಯಾಮಾಯ್ರಿ, ಮೂರು, ಐದು, ಏಳನೇ ವಯಸ್ಸಿನಲ್ಲಿ ನವೆಂಬರ್ 15ರ ಆಸುಪಾಸು ಮಾಡುವ ಶಿಚಿಗೊಸಾನ್, ಎರಡನ್ನೂ ನಮ್ಮ ಮಕ್ಕಳಿಗೂ ಮಾಡಿಸಬಹುದು.

ಮನೇಲಿ ಸೂತಕ ಇದ್ರೆ? ಮುಟ್ಟಾಗಿದ್ರೆ?

ಶಿಂಟೋದ ‘ಕೆಗಾರೆ’ಗೆ ಕನ್ನಡದ ಮೈಲಿಗೆಗಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಮನೆಯಲ್ಲಿ ಸಾವಾದರೆ ಸುಮಾರು 50 ದಿನ ಜಿಂಜಾಗೆ ಹೋಗುವುದಿಲ್ಲ. ಮನೆಯ ದೇವರ ಗೂಡಿನ ಮುಂದೆ ಬಿಳಿ ಕಾಗದ ಅಂಟಿಸಿ ಮುಚ್ಚುತ್ತಾರೆ. ಅದೇ ಹೊತ್ತಿನಲ್ಲಿ ಬೌದ್ಧ ಗುಡಿಗೆ ಹೋಗಲು ಅಡ್ಡಿಯಿಲ್ಲ, ಏಕೆಂದರೆ ಇಲ್ಲಿ ಸಾವಿನ ಕರ್ಮವೆಲ್ಲ ಹೆಚ್ಚಾಗಿ ಬೌದ್ಧರ ಪಾಲು.

ರಕ್ತವನ್ನೂ ಹಿಂದೆ ಕೆಗಾರೆ ಎಂದೇ ಎಣಿಸುತ್ತಿದ್ದರು. ಇಂದು ಯಾರೂ ಕೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು. ಯುದ್ಧದ ನಂತರ ಹೆಂಗಸರು ಅರ್ಚಕರೂ ಆಗಿದ್ದಾರೆ. ಹೆಂಗಸರಿಗೆ ನಿಷೇಧವಿದ್ದ ಹೆಸರಾಂತ ಜಾಗ ಓಕಿನೊಶಿಮಾ ದ್ವೀಪ. 2017ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು, 2018ರಿಂದ ಗಂಡಸರಿಗೂ ಸಾರ್ವಜನಿಕ ಪ್ರವೇಶ ನಿಂತಿತು.

## ಇನ್ನೂ ಒಳಕ್ಕೆ

ನಮ್ಮ ಸರಸ್ವತಿ ಅಲ್ಲಿದ್ದಾಳಂತೆ, ನಿಜಾನಾ?

ನಿಜ. ಬೌದ್ಧರ ಜೊತೆ ಚೀನಾ ದಾಟಿ ಬಂದ ಸರಸ್ವತಿ ಇಲ್ಲಿ ಬೆಂಜಾಯ್ತೆನ್ ಆದಳು. ವೀಣೆಯ ಬದಲು ಬಿವಾ ಎಂಬ ವಾದ್ಯ ಹಿಡಿದಳು. ಆದರೆ ನೀರಿನ ನಂಟು ಬಿಡಲಿಲ್ಲ, ಅವಳ ಗುಡಿಗಳು ದ್ವೀಪದಲ್ಲೋ ಕೊಳದ ನಡುವೆಯೋ ಇರುತ್ತವೆ. ಎನೊಶಿಮಾ, ಚಿಕುಬುಶಿಮಾ, ಇತ್ಸುಕುಶಿಮಾ ಅವಳ ಮೂರು ದೊಡ್ಡ ನೆಲೆಗಳು.

ಸಾವಿರ ವರ್ಷಕ್ಕೂ ಮಿಕ್ಕಿ ಕಮಿ ಮತ್ತು ಬುದ್ಧ ಒಂದೇ ಅಂಗಳದಲ್ಲಿ ಬಾಳಿದ್ದರು. 1868ರಲ್ಲಿ ಹೊಸ ಮೇಜಿ ಸರ್ಕಾರ ಇಬ್ಬರನ್ನೂ ಬೇರೆ ಮಾಡಿ ಎಂದು ಆಜ್ಞೆ ಹೊರಡಿಸಿತು. ಇತ್ಸುಕುಶಿಮಾ ಜಿಂಜಾದಲ್ಲಿದ್ದ ಬೆಂಜಾಯ್ತೆನ್ ಮೂರ್ತಿ ಆಗ ಪಕ್ಕದ ದಾಯ್‌ಗಾಂಜಿ ಬೌದ್ಧ ಗುಡಿಗೆ ಹೋಯಿತು. ನೀರಿನಲ್ಲಿ ನಿಂತ ತೊರೀ ನೋಡಿ ದೋಣಿ ಹತ್ತುವ ನಮ್ಮವರಿಗೆ, ನಾಲ್ಕು ಹೆಜ್ಜೆ ಆಚೆ ಸರಸ್ವತಿ ಕೂತಿದ್ದಾಳೆ ಎಂದು ನಾನು ಪ್ರತಿ ಸಲ ಹೇಳುತ್ತೇನೆ.

ಕಾಗಾವಾದ ಕೊತೊಹಿರಾಗು ಇನ್ನೂ ಸೋಜಿಗ. 785 ಮೆಟ್ಟಿಲು ಹತ್ತಿ ನೋಡುವ ಆ ದೇವರನ್ನು ಜನ ಇಂದಿಗೂ ಪ್ರೀತಿಯಿಂದ ‘ಕೊಂಪಿರಾ ಸಾನ್’ ಎನ್ನುತ್ತಾರೆ. ಕೊಂಪಿರಾ ಅಂದರೆ ನಮ್ಮ ನಿಘಂಟಿನಲ್ಲೂ ಇರುವ ಕುಂಭೀರ, ಮೊಸಳೆ. ನಾವಿಕರನ್ನು ಕಾಯುವ ದೇವರು. ಜಿಂಜಾದ ಬಾಗಿಲಲ್ಲಿ ಕೂತ ಜೋಡಿ ಸಿಂಹಗಳನ್ನೂ ಗಮನಿಸಿ, ಒಂದರ ಬಾಯಿ ತೆರೆದಿದೆ, ಇನ್ನೊಂದರದು ಮುಚ್ಚಿದೆ. ಮೊದಲನೆಯದು ‘ಅ’ ಎನ್ನುತ್ತಿದೆ, ಎರಡನೆಯದು ‘ಉನ್’. ಆ ಎರಡು ಸದ್ದುಗಳೂ ಸಂಸ್ಕೃತದಿಂದ ನಡೆದುಕೊಂಡು ಬಂದವು.

ಇಸೆಯ ಗುಡೀನ 20 ವರ್ಷಕ್ಕೊಮ್ಮೆ ಕೆಡವಿ ಕಟ್ತಾರಂತಲ್ಲ, ಹಾಗಾದ್ರೆ ಅದು ಹಳೇ ಗುಡಿ ಹೇಗಾಯ್ತು?

ಮೊದಲು ಪಕ್ಕದ ಖಾಲಿ ನಿವೇಶನದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟುತ್ತಾರೆ, ರಾತ್ರಿ ಕತ್ತಲಲ್ಲಿ ದೇವರನ್ನು ಅಲ್ಲಿಗೆ ಬಿಜಯಂಗೈಸುತ್ತಾರೆ, ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಶುರುವಾದ ಪದ್ಧತಿ. ನಡುವೆ ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತಿತ್ತು. 62ನೆಯದು 2013ರಲ್ಲಿ ಆಯಿತು, ಮುಂದಿನದು 2033ರಲ್ಲಿ. ಅದರ ವಿಧಿಗಳು 2025ರಲ್ಲೇ ಆರಂಭವಾಗಿವೆ.

ಹಳೆಯದು ಉಳಿಯುವುದು ಬಡಗಿಯ ಕೈಯಲ್ಲಿ. ಇಪ್ಪತ್ತರ ಹುಡುಗನಾಗಿ ಕೆಲಸ ಕಲಿತವನು ನಲವತ್ತರಲ್ಲಿ ತಾನೇ ಕಟ್ಟುತ್ತಾನೆ, ಅರವತ್ತರಲ್ಲಿ ಕಲಿಸುತ್ತಾನೆ. ಬಿಚ್ಚಿದ ಹಿನೊಕಿ ಮರವನ್ನೂ ಎಸೆಯುವುದಿಲ್ಲ. ಗರ್ಭಗುಡಿಯ ದೊಡ್ಡ ಕಂಬಗಳು ಉಜಿ ಸೇತುವೆಯ ಎರಡು ತುದಿಯ ತೊರೀಗಳಾಗುತ್ತವೆ. ಇಸೆಗೆ ಹೋಗುವವರು ಮೊದಲು ಹೊರಗಿನ ಗೆಕು, ಆಮೇಲೆ ಅಮತೆರಾಸುವಿನ ನಾಯ್ಕು ನೋಡಬೇಕು. ನಾಯ್ಕುವಿನ ಕೊನೆಯ ಕಲ್ಲುಮೆಟ್ಟಿಲಿನ ಕೆಳಗೇ ಕ್ಯಾಮೆರಾ ಒಳಗಿಡಿ.

ಯಾಸುಕುನಿಗೆ ಮಂತ್ರಿಗಳು ಹೋದ್ರೆ ಯಾಕಷ್ಟು ಗಲಾಟೆ?

1869ರಲ್ಲಿ ಸ್ಥಾಪನೆಯಾದ ಟೋಕಿಯೊದ ಯಾಸುಕುನಿ ಜಿಂಜಾದಲ್ಲಿ ಯುದ್ಧಗಳಲ್ಲಿ ಸತ್ತ ಸುಮಾರು 24.6 ಲಕ್ಷ ಜನರನ್ನು ಕಮಿಗಳೆಂದು ಪೂಜಿಸುತ್ತಾರೆ. 1978ರಲ್ಲಿ ಆ ಪಟ್ಟಿಗೆ ಎರಡನೇ ಮಹಾಯುದ್ಧದ ‘ಎ’ ದರ್ಜೆಯ 14 ಯುದ್ಧಾಪರಾಧಿಗಳ ಹೆಸರೂ ಸೇರಿತು. ಜಪಾನಿನ ಸೈನ್ಯದಿಂದ ನರಳಿದ ಚೀನಾ, ಕೊರಿಯಾಗಳಿಗೆ ಅದು ಆರದ ಗಾಯ. ಅಲ್ಲಿನ ಅಂಗಳದಲ್ಲಿ ಭಾರತದ ನ್ಯಾಯಮೂರ್ತಿ ರಾಧಾವಿನೋದ ಪಾಲ್ ಅವರ ಸ್ಮಾರಕವೂ ಇದೆ. ಟೋಕಿಯೊ ವಿಚಾರಣೆಯಲ್ಲಿ ಆರೋಪಿಗಳೆಲ್ಲರೂ ನಿರ್ದೋಷಿಗಳೆಂದು ಭಿನ್ನಮತ ಬರೆದವರು ಅವರು. ಅದನ್ನು ನೋಡಿ ಹೆಮ್ಮೆಯಿಂದ ಫೋಟೊ ತೆಗೆಸಿಕೊಳ್ಳುವ ಮೊದಲು ಒಂದು ಮಾತು ತಿಳಿದಿರಲಿ: ಜಪಾನ್ ಸೈನ್ಯ ದೌರ್ಜನ್ಯ ಎಸಗಿದ್ದನ್ನು ಪಾಲ್ ಅಲ್ಲಗಳೆಯಲಿಲ್ಲ. ಹೋಗುವುದು ಬಿಡುವುದು ನಿಮ್ಮ ತೀರ್ಮಾನ. ನಾನು ಹೋಗಿ, ನೋಡಿ, ಚಪ್ಪಾಳೆ ತಟ್ಟದೆ ಬಂದೆ.

ಪ್ರತಿ ಜಿಂಜಾ ಸುತ್ತ ಕಾಡಿರತ್ತಲ್ಲ, ಅದನ್ನ ಯಾರೂ ಕಡಿಯಲ್ವಾ?

ಕಡಿದಿದ್ದಾರೆ. ಅದಕ್ಕೊಂದು ಕಥೆಯಿದೆ.

ಕಾಡು ಮೊದಲು, ಕಟ್ಟಡ ಆಮೇಲೆ. ಕೊಡಗಿನ ದೇವರಕಾಡು ಬಲ್ಲವರಿಗೆ ಇದು ಹೊಸ ಮಾತಲ್ಲ. ಮೇಜಿ ಜಿಂಗುವಿನ ಕಾಡು ಮಾತ್ರ ನೆಟ್ಟದ್ದು. 1920ರ ಆ ದೇಗುಲಕ್ಕೆ ದೇಶದ ಮೂಲೆಮೂಲೆಯಿಂದ ಜನ ಸುಮಾರು ಒಂದು ಲಕ್ಷ ಸಸಿ ಕಳಿಸಿದರು. ನೂರು ವರ್ಷದ ನಂತರ ಮನುಷ್ಯರ ನೆರವಿಲ್ಲದೆ ತಾನೇ ಬೆಳೆಯುವಂತೆ ಯೋಜಿಸಿ ನೆಟ್ಟರು. ಉದುರಿದ ಎಲೆಯನ್ನು ಇಂದಿಗೂ ಗುಡಿಸಿ ಮರದ ಬುಡಕ್ಕೇ ಹಾಕುತ್ತಾರೆ.

ಅದೇ ಕಾಲದಲ್ಲಿ ಹಳ್ಳಿಗಳಲ್ಲಿ ನಡೆದದ್ದು ಬೇರೆ. 1906ರಿಂದ ಸರ್ಕಾರ ಸಣ್ಣ ಜಿಂಜಾಗಳನ್ನು ದೊಡ್ಡವುಗಳ ಜೊತೆ ಸೇರಿಸಲು ಹೊರಟಿತು. ಸುಮಾರು 70,000 ಜಿಂಜಾಗಳು ಅಳಿದವು. ದೇವರು ಹೋದ ಕಾಡನ್ನು ಮಾರಿದರು, ಮರ ಉರುಳಿದವು. ವಾಕಾಯಾಮಾದ ಮಿನಾಕಾತಾ ಕುಮಾಗುಸು ಎಂಬ ಜೀವವಿಜ್ಞಾನಿ ಇದರ ವಿರುದ್ಧ ಪತ್ರಿಕೆಗಳಲ್ಲಿ ಬರೆದ, ಸಭೆಗೆ ನುಗ್ಗಿದ, 1910ರಲ್ಲಿ ಬಂಧನಕ್ಕೂ ಒಳಗಾದ. ಗುಡಿ ಹೋದರೆ ಕಾಡು, ಕಾಡು ಹೋದರೆ ಹಕ್ಕಿ, ಹಕ್ಕಿ ಹೋದರೆ ಬೆಳೆ ಎಂಬುದು ಅವನ ವಾದ. ತನಾಬೆ ಕೊಲ್ಲಿಯ ಕಶಿಮಾ ಎಂಬ ಪುಟ್ಟ ದ್ವೀಪದ ಕಾಡನ್ನು ಅವನು ಹಟ ಹಿಡಿದು ಉಳಿಸಿಕೊಂಡ. 1920ರಲ್ಲಿ ಸಂಸತ್ತಿನ ಮೇಲ್ಮನೆ ಆ ವಿಲೀನ ಸಾಕು ಎಂದು ನಿರ್ಣಯ ಮಾಡಿತು. 1929ರ ಜೂನ್ 1ರಂದು, ಸ್ವತಃ ಜೀವವಿಜ್ಞಾನ ಬಲ್ಲ ಶೋವಾ ಚಕ್ರವರ್ತಿ ಹಿರೊಹಿತೊ ಹಡಗಿನಲ್ಲಿ ಕಶಿಮಾಗೆ ಬಂದಿಳಿದ. ಕುಮಾಗುಸು ತಾನು ಕೂಡಿಟ್ಟಿದ್ದ ಲೋಳೆಬೂಷ್ಟುಗಳ ಮಾದರಿಗಳನ್ನು ಕ್ಯಾರಮೆಲ್ ಮಿಠಾಯಿಯ ದೊಡ್ಡ ಡಬ್ಬಗಳಲ್ಲಿ ತುಂಬಿ ಅವನಿಗೆ ಒಪ್ಪಿಸಿದ.